ಘಾಟು ಬಾರದ ಮೆಣಸಿನಕಾಯಿ

ಕೆಂಡದ ಮೇಲೆ ಬಿದ್ದ ಒಣಮೆಣಸಿನಕಾಯಿ ಮೊದಲು ಉಬ್ಬುತ್ತದೆ. ಮೈಮೇಲಿನ ಸುಕ್ಕುಗಳು ಬಿಚ್ಚಿಕೊಂಡು ಒಂದು ಗಳಿಗೆ ಅದು ಗಿಡದಲ್ಲಿರುವ ಹಣ್ಣಿನ ಹಾಗೆ ಹೊಳೆಯುತ್ತದೆ. ಆಮೇಲೆ ತುದಿ ಕಪ್ಪಾಗುತ್ತದೆ, ಒಳಗಿನ ಬೀಜಗಳು ಚಟಪಟ ಎನ್ನುತ್ತವೆ. ಆ ಸಂಜೆ ಅಜ್ಜಿ ಹಾಕಿದ ಹಿಡಿ ಮೆಣಸಿನಕಾಯಿಯೂ ಹೀಗೆಯೇ ಉಬ್ಬಿ, ಹೊಳೆದು, ಕರಕಲಾಯಿತು. ಆದರೆ ಮನೆಯಲ್ಲಿ ಯಾರಿಗೂ ಕೆಮ್ಮು ಬರಲಿಲ್ಲ.

ಅಜ್ಜಿ ಕೆಂಡದ ಶೆಗಡಿಯ ಹತ್ತಿರಕ್ಕೆ ಮೂಗು ಒಯ್ದು ನೋಡಿದಳು. ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು.

"ಒಂದೀಟರ ಘಾಟ ಐತೇನು? ನೀವs ಹೇಳ್ರಿ. ಇಷ್ಟ ನೆದರ ನಾ ಹುಟ್ಟಿದಾಗಿಂದ ಕಂಡಿಲ್ಲ. ಯಾರ ಕಣ್ಣ ಬಿತ್ತವಾ ಈ ಕೂಸಿಗಿ!"

ಕೂಸು ಎಂದರೆ ನನ್ನ ತಂಗಿ. ಪೂರ್ವಕ್ಕೆ ಮುಖ ಮಾಡಿ ಮಣೆಯ ಮೇಲೆ ನಿಂತಿದ್ದಳು. ಮರುದಿನ ಅವಳಿಗೆ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದ ಪರೀಕ್ಷೆ ಇತ್ತು.

ದೃಷ್ಟಿ, ಅಂದರೆ ಅಜ್ಜಿಯ ಮಾತಿನ ನೆದರ, ತೆಗೆಯುವುದು ನಮ್ಮ ಮನೆಯಲ್ಲಿ ದೊಡ್ಡ ಸಂಗತಿಯಲ್ಲ. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ಎದುರಿಗೆ ನಿಂತವರ ಸುತ್ತ ನಿವಾಳಿಸಿ ಕೆಂಡಕ್ಕೆ ಹಾಕುತ್ತಾರೆ. ಮೂಗಿಗೆ ಘಾಟು ಹತ್ತಿ ಎಲ್ಲರೂ ಕೆಮ್ಮಿದರೆ ಏನೂ ಆಗಿಲ್ಲ ಎಂದರ್ಥ. ಘಾಟು ಬರದಿದ್ದರೆ ಕೆಟ್ಟ ಕಣ್ಣು ಬಿದ್ದಿದೆ, ಮೆಣಸಿನಕಾಯಿ ಅದನ್ನು ನುಂಗಿಕೊಂಡಿತು ಎಂದರ್ಥ. ಇದನ್ನು ನಂಬುತ್ತೇನೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೇಡವೆಂದೂ ಯಾರೂ ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ.

ನಮ್ಮದು ಬ್ಯಾಡಗಿ. ಅಪ್ಪ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜೊಂದರಲ್ಲಿ ಸೂಪರ್‌ವೈಸರ್. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂಎಸ್ಸಿ ಮುಗಿಸಿ, ಈಗ ದಿನವೂ ರೈಲಿನಲ್ಲಿ ಹಾವೇರಿಗೆ ಹೋಗಿ ಬಿ.ಇಡಿ ಓದುತ್ತಿದ್ದೆ. ತಂಗಿಯ ಕಾಲೇಜು ರಾಣೆಬೆನ್ನೂರಿನಲ್ಲಿ. ಅವಳದು ಬಸ್ಸು. ಅಜ್ಜಿ ಹಲಗೇರಿಯವಳು. ನಾಲ್ಕೈದು ವರ್ಷದ ಹಿಂದೆ ಮೊಣಕಾಲು ನೋವು ಹೆಚ್ಚಾದ ಮೇಲೆ ಅಪ್ಪ ಅವಳನ್ನು ನಮ್ಮಲ್ಲಿಗೆ ಕರೆತಂದಿದ್ದರು. ಬಂದವಳು ಅಡುಗೆಮನೆಯನ್ನು ಅವ್ವನಿಗೇ ಬಿಟ್ಟು, ನಮ್ಮ ಆರೋಗ್ಯ ಮತ್ತು ನಮ್ಮ ಮೇಲೆ ಬೀಳುವ ಕಣ್ಣುಗಳ ಖಾತೆಯನ್ನು ತಾನು ವಹಿಸಿಕೊಂಡಿದ್ದಳು.

ಮಾರ್ಚ್‌ನ ಆ ಪರೀಕ್ಷೆಗಳಲ್ಲಿ ಅವಳು ಪ್ರತಿ ಪತ್ರಿಕೆಯ ಹಿಂದಿನ ಸಂಜೆ ದೃಷ್ಟಿ ತೆಗೆದಳು. ಒಂದು ಸಲವೂ ಘಾಟು ಬರಲಿಲ್ಲ. ಒಂದೊಂದು ಸಂಜೆಗೂ ಅವಳ ಆತಂಕ ಹೆಚ್ಚಾಯಿತು. ಮೆಣಸಿನಕಾಯಿಯೂ ಹೆಚ್ಚಾಯಿತು.

ರಸಾಯನಶಾಸ್ತ್ರದ ಪರೀಕ್ಷೆ ಮುಗಿಸಿ ಬಂದ ತಂಗಿ ಬ್ಯಾಗನ್ನು ಮೊಳೆಗೆ ಹಾಕಿ ಕೈಕಾಲು ತೊಳೆದುಕೊಂಡಳು. "ಹೆಂಗಾತು?" ಎಂದು ಅವ್ವ ಕೇಳಿದ್ದಕ್ಕೆ "ಅರ್ಧ ಬಿಟ್ಟೇನಿ" ಎಂದಳು. ಊಟದಲ್ಲಿ ಅನ್ನ ಬಿಟ್ಟೆ ಎನ್ನುವ ಹಾಗೆ, ಅಷ್ಟು ಸಾದಾ ದನಿಯಲ್ಲಿ.

ಫಲಿತಾಂಶ ಬಂದಾಗ ಉಳಿದೆಲ್ಲ ವಿಷಯಗಳಲ್ಲೂ ಪಾಸಾಗಿದ್ದಳು, ಗಣಿತದಲ್ಲಂತೂ ಒಳ್ಳೆಯ ಅಂಕ. ರಸಾಯನಶಾಸ್ತ್ರ ಒಂದೇ ಹೋಗಿತ್ತು. ಎದುರು ಮನೆಯ ಕಾಕು ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುತ್ತಲೇ ಕೇಳಿದರು.

"ಏನವಾ, ಎಮ್ಮೆಸ್ಸಿ ಮಾಡಿದಾಕಿ ಮನ್ಯಾಗs ಕೆಮಿಸ್ಟ್ರಿ ಹೋತಂತಲ್ಲ? ಅಂಗಡಿಯವ್ರ ಮನ್ಯಾಗ ಉಪ್ಪ ತೀರಿದಂಗಾತು ನೋಡ."

"ಹೌದ್ರಿ ಕಾಕು, ತರಸ್ತೇವ್ರಿ" ಎಂದು ನಾನು ಒಳಗೆ ಬಂದೆ.

ನನಗೆ ಕಾಕುವಿನ ಮಾತಿಗಿಂತ ಆ ಅಂಕಗಳೇ ಸಿಟ್ಟು ತರಿಸಿದವು. ಅವಳಿಗೆ ವಿಷಯ ಬರುತ್ತಿತ್ತು. ನಾನೇ ಕೂಡಿಸಿಕೊಂಡು ಓದಿಸಿದ್ದೆ. ಆಲ್ಡಿಹೈಡು, ಕೀಟೋನುಗಳ ಕ್ರಿಯೆಗಳನ್ನು ಅವಳು ರೊಟ್ಟಿ ಬಡಿಯುತ್ತ ಹೇಳಬಲ್ಲವಳು. ಬರುವವಳು ಬಿಟ್ಟು ಬಂದಿದ್ದಾಳೆಂದರೆ ಅದು ಓದಿನ ಸಮಸ್ಯೆಯಲ್ಲ ಎಂಬಷ್ಟು ನನಗೆ ಖಚಿತವಿತ್ತು.

ಆ ತಿಂಗಳೇ ನಮ್ಮ ಬಿ.ಇಡಿ ತರಗತಿಯಲ್ಲಿ ವಿದ್ಯಾರ್ಥಿಗಳ ಒತ್ತಡದ ಬಗ್ಗೆ ಪಾಠ ನಡೆದಿತ್ತು. ಒತ್ತಡ ಸ್ವಲ್ಪ ಇದ್ದರೆ ಓದು ಏಳುತ್ತದೆ, ಮಿತಿ ಮೀರಿದರೆ ಬೀಳುತ್ತದೆ. ವೇಳಾಪಟ್ಟಿ, ನಿದ್ರೆ, ದೀರ್ಘ ಉಸಿರಾಟದಿಂದ ಅದನ್ನು ಹತೋಟಿಯಲ್ಲಿಡಬಹುದು. ನಾನು ಎಲ್ಲವನ್ನೂ ತಂಗಿಯ ಮೇಲೆ ಕ್ರಮವಾಗಿ ಪ್ರಯೋಗಿಸಿದೆ. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಬೇಗ ಮಲಗಿಸಿದೆ. ಉಸಿರಾಟಕ್ಕೆ ಮಾತ್ರ ತಪ್ಪು ದಿನ ಆರಿಸಿಕೊಂಡೆ. ಅದು ಸೋಮವಾರ, ಮಾರುಕಟ್ಟೆಯ ದಿನ. ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಮೆಣಸಿನಕಾಯಿಯ ದೂಳಿಗೆ ಊರಿಗೆ ಊರೇ ಮೂಗಿಗೆ ವಸ್ತ್ರ ಕಟ್ಟಿಕೊಂಡು ತಿರುಗುವ ಹೊತ್ತಿನಲ್ಲಿ ಮಾಳಿಗೆಯ ಮೇಲೆ ಅವಳನ್ನು ಕೂಡಿಸಿ, "ಕಣ್ಣ ಮುಚ್ಚು, ಸಾವಕಾಶ ಉಸಿರ ಒಳಗ ತಗೋ" ಎಂದೆ. ಇಬ್ಬರೂ ಸೀನಿ ಸೀನಿ ಕಣ್ಣು ಕೆಂಪು ಮಾಡಿಕೊಂಡು ಕೆಳಗಿಳಿದು ಬಂದೆವು.

"ಬ್ಯಾಡಗ್ಯಾಗ ಉಸರ ತಗೊಳ್ಳಾಕ ಹೇಳ್ತಾರಂದ್ರ ಆ ಪುಸ್ತಕ ಬರದಾಂವ ಈ ಕಡೆ ಬಂದs ಇಲ್ಲ ಬಿಡಕ್ಕ" ಎಂದಳು ತಂಗಿ. ಫಲಿತಾಂಶ ಬಂದ ಮೇಲೆ ಅವಳು ಆಡಿದ ಮೊದಲ ತಮಾಷೆಯ ಮಾತು ಅದು. ನಾನು ಅದನ್ನೇ ಪ್ರಗತಿ ಎಂದುಕೊಂಡೆ.

ಅಪ್ಪನ ಸಮಾಧಾನ ಅವರ ಕೆಲಸದ ಭಾಷೆಯಲ್ಲೇ ಇತ್ತು. "ಮಾಲ ಕೆಟ್ಟಿಲ್ಲ. ಈಗ ರೇಟ್ ಸಿಗಲಿಲ್ಲ, ಒಳಗಿಟ್ಟೇವಿ, ಅಷ್ಟs. ಪರೀಕ್ಷಾ ಎರಡ ಐತಿ, ಮೂರ ಐತಿ." ಒಂದೇ ವರ್ಷದಲ್ಲಿ ಮೂರು ಅವಕಾಶ ಕೊಡುವ ಈಗಿನ ಪದ್ಧತಿ ಅವರಿಗೆ ತುಂಬ ಹಿಡಿಸಿತ್ತು.

ಎರಡನೆಯ ಪರೀಕ್ಷೆಗೆ ಅವಳು ಹೋಗಲೇ ಇಲ್ಲ. ಬೆಳಿಗ್ಗೆ ಹಾಲ್ ಟಿಕೆಟ್ ತೆಗೆದುಕೊಂಡು ಹೊರಟವಳು ಸ್ವಲ್ಪ ಹೊತ್ತಿಗೆಲ್ಲ ಮನೆಗೆ ವಾಪಸಾದಳು. ಬಸ್ಸು ಹತ್ತಿ ಮೋಟೆಬೆನ್ನೂರಿನವರೆಗೆ ಹೋಗಿ, ಹೆದ್ದಾರಿಯ ಹತ್ತಿರ ಇಳಿದು, ಈ ಕಡೆಯ ಬಸ್ಸು ಹಿಡಿದು ಬಂದಿದ್ದಳು. ಅಪ್ಪ ಕೆಲಸಕ್ಕೆ ಹೋದರು. ಅವ್ವ ಉಪ್ಪಿಟ್ಟು ಮಾಡಿ ಬಡಿಸಿದಳು. ಸಂಜೆ ನಾನು ಹಾವೇರಿಯಿಂದ ಬಂದು ವಿಷಯ ತಿಳಿದ ಮೇಲೆ ಅವಳನ್ನು ಹಿತ್ತಲಿಗೆ ಕರೆದೆ. ಇಬ್ಬರೂ ಒಗೆಯುವ ಕಲ್ಲಿನ ಮೇಲೆ ಕುಳಿತೆವು.

"ಬೈಯೂದಿಲ್ಲ, ಹೇಳು" ಎಂದೆ. "ಏನಾತು?"

"ನಿನ್ನೆ ಸಂಜೀಕೂ ಘಾಟ ಬರಲಿಲ್ಲಕ್ಕ."

"ಅಂದ್ರ?"

"ನಗಬ್ಯಾಡ. ನನಗೂ ಗೊತ್ತೈತಿ ಅದೆಲ್ಲಾ ಸುಳ್ಳಂತ. ಆದ್ರ ಪ್ರತೀ ಸಲ ಬಂದಿಲ್ಲ. ಒಮ್ಮೀನೂ ಬಂದಿಲ್ಲ. ಮೊದಲ್ನೇ ಪರೀಕ್ಷಾದಾಗ ಪೇಪರ್ ಕೈಯಾಗ ತಗೊಂಡ ಕೂಡ್ಲೇ ಆ ಕರ್‍ರಗಾದ ಮೆಣಸಿನಕಾಯಿ ಕಣ್ಣ ಮುಂದ ಬಂತು. ಒಂದ ಲೆಕ್ಕಕ್ಕ ಕೈ ನಿಂತು. ನಿಂತಿದ್ದು ನಿಂತs ಬಿಟ್ತು. ಇವತ್ತ ಬಸ್ಸಿನಾಗs ಕೈ ತಣ್ಣಗಾತು. ನಂದು ಏನೋ ಐತಿ. ಓದಿ ಏನ್ ಮಾಡೂದು?"

ನನಗೆ ನಗು ಬರಲಿಲ್ಲ. ಇನ್ನು ಉಳಿದಿರುವುದು ಮೂರನೆಯ ಪರೀಕ್ಷೆ ಒಂದೇ, ಜೂನ್‌ನಲ್ಲಿ. ಅದಕ್ಕೂ ಹೋಗದಿದ್ದರೆ ಅವಳ ಒಂದು ವರ್ಷ ಹೋದಂತೆ. ಈ ಹುಡುಗಿ ಸಲೀಸಾಗಿ ಬರೆಯಬಲ್ಲ ಪರೀಕ್ಷೆಯೊಂದರ ಬಾಗಿಲಿಗೆ ಮೆಣಸಿನಕಾಯಿ ಅಡ್ಡ ನಿಂತಿತ್ತು.

ಆತಂಕವಾದಾಗ ನಾನು ಏನನ್ನಾದರೂ ಅಳೆಯುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ, ಹೇಳಬೇಕಾದಂಥದ್ದೂ ಅಲ್ಲ. ಎಂಎಸ್ಸಿಯ ಪ್ರಾಯೋಗಿಕ ಪರೀಕ್ಷೆಯ ದಿನ ನಾನು ಮೊದಲು ಮಾಡುತ್ತಿದ್ದದ್ದು ಬ್ಯೂರೆಟ್ಟಿನ ಗಾಜಿನ ಕೊಳವೆಗೆ ನೀರು ತುಂಬಿ, ಗೆರೆಗೆ ಸರಿಯಾಗಿ ನಿಲ್ಲಿಸುವುದು. ನೀರು ಗೆರೆಗೆ ಬಂದು ನಿಂತರೆ ನನ್ನ ಮನಸ್ಸೂ ನಿಲ್ಲುತ್ತಿತ್ತು. ಆ ಸಂಜೆ ಅಳೆಯಲು ಏನೂ ಇರಲಿಲ್ಲ. ಅಕ್ಕಿಗೆ ನೀರು ಇಡಲು ಒಳಗೆ ಹೋದೆ. ಒಗ್ಗರಣೆಗೆ ಮೆಣಸಿನಕಾಯಿ ಬೇಕೆಂದು ಅವ್ವ ಡಬ್ಬಿ ತೆಗೆಯಲು ಹೇಳಿದಳು. ಮುಚ್ಚಳ ತೆಗೆದವಳು ಒಳಗಿದ್ದುದನ್ನು ನೋಡುತ್ತ ನಿಂತುಬಿಟ್ಟೆ.

ಅಂಗೈಯುದ್ದದ, ಸುಕ್ಕು ಸುಕ್ಕಾದ, ಕುಂಕುಮದ ಹಾಗೆ ಕೆಂಪಾದ, ನಮ್ಮೂರಿನ ಮೆಣಸಿನಕಾಯಿ. ಅಪ್ಪ ಕೋಲ್ಡ್ ಸ್ಟೋರೇಜಿನಿಂದ ತರುವ ಒಳ್ಳೆಯ ಮಾಲು. ಜಗತ್ತು ಇದನ್ನು ಕೊಳ್ಳುವುದು ಬಣ್ಣಕ್ಕೆ. ಖಾರ ಇದರಲ್ಲಿ ಕಡಿಮೆ. ಸುಟ್ಟರೆ ಮೂಗಿಗೆ ಹತ್ತುವ ಘಾಟಿಗೂ ಖಾರಕ್ಕೂ ಕಾರಣವಾದ ವಸ್ತು ಒಂದೇ. ಅದು ಕಡಿಮೆಯಿದ್ದ ಮೇಲೆ ಘಾಟು ಎಲ್ಲಿಂದ ಬರಬೇಕು? ಮಾರುಕಟ್ಟೆಯಲ್ಲಿ ಚೀಲಗಟ್ಟಲೆ ಮಾಲಿನ ದೂಳು ಎದ್ದಾಗ ಇದೂ ಸೀನಿಸುತ್ತದೆ, ಅದು ಬೇರೆ ಮಾತು. ಆದರೆ ಒಂದು ಹಿಡಿ, ಅದೂ ಗಾಳಿಯಾಡುವ ಪಡಸಾಲೆಯಲ್ಲಿ!

"ಅಜ್ಜಿ, ಹಲಗೇರ್‍ಯಾಗ ಯಾ ಮೆಣಸಿನಕಾಯಿ ಸುಡ್ತಿದ್ದಿ?" ಎಂದು ಕೇಳಿದೆ.

"ಯಾವ ಅಂದ್ರ? ಹಿತ್ತಲದಾಗ ಗಿಡ ಇದ್ದೂ. ಸಣ್ಣೂವು. ಒಂದ ಕಚ್ಚಿದ್ರ ಕಣ್ಣಾಗ ನೀರ ಬರ್ತಿತ್ತು."

"ಅಲ್ಲಿ ಘಾಟ ಬರ್ತಿತ್ತೇನು?"

"ಬರದs ಏನು! ಅಲ್ಲಿ ಮಂದಿ ಛಲೋ ಇದ್ರು. ಅಪರೂಪಕ್ಕೊಮ್ಮೆ ಯಾರಿಗರ ನೆದರಾದ್ರ ಬರ್ತಿದ್ದಿಲ್ಲ. ಇಲ್ಲಿ ಬಂದಾಗಿಂದ ಒಂದ ದಿನಾನೂ ಘಾಟ ಬಂದಿಲ್ಲ ನೋಡ. ಈ ಊರ ಮಂದಿ ಕಣ್ಣ ಭಾಳ ಕೆಟ್ಟ."

ನಾನು ಅಕ್ಕಿ ತೊಳೆಯುತ್ತ ತಲೆ ತಗ್ಗಿಸಿದೆ. ಈಗ ಮಾತ್ರ ನಗು ತಡೆಯುವುದು ಕಷ್ಟವಾಗಿತ್ತು.

ಅಪ್ಪನಿಗೆ ಮೊದಲು ಹೇಳಿದೆ. ಅವರು ಗೋಡೆಗೆ ಕೈಕೊಟ್ಟು ನಕ್ಕರು. ಮರುದಿನವೇ ಒಂದು ಕಾಗದದ ಪೊಟ್ಟಣದಲ್ಲಿ ಗುಂಟೂರಿನ ಮೆಣಸಿನಕಾಯಿ ತಂದುಕೊಟ್ಟರು. ನುಣುಪಾದ ಮೈ, ಚೂಪು ತುದಿ, ನೋಡಿದರೇ ಖಾರ.

"ಯಾರಿಗೂ ಹೇಳಬ್ಯಾಡ ಯವ್ವಾ. ಇವನ್ನ ಸುಮ್ನ ಅಜ್ಜಿ ಡಬ್ಬ್ಯಾಗ ಹಾಕಿಬಿಡು. ಪರೀಕ್ಷಾದ ಹಿಂದಿನ ದಿನ ಸುಡ್ತಾಳು, ಮನಿ ಮಂದೆಲ್ಲಾ ಕೆಮ್ತೇವಿ, ನೆದರ ಹೋತು ಅಂತಾಳು, ಹುಡುಗಿ ಹೋಗಿ ಬರೀತಾಳು. ಮುಗೀತಲ!"

ಸುಲಭದ ದಾರಿ. ಎರಡು ದಿನ ಆ ಪೊಟ್ಟಣ ನನ್ನ ಬ್ಯಾಗಿನಲ್ಲೇ ಹಾವೇರಿಗೆ ಹೋಗಿ ಬಂತು. ರೈಲಿನ ಕಿಟಕಿಯ ಹತ್ತಿರ ಕುಳಿತು ಯೋಚಿಸಿದೆ. ಒಂದು ಹೊಗೆ ಅವಳ ಧೈರ್ಯ ಕಿತ್ತುಕೊಂಡಿತು. ಇನ್ನೊಂದು ಹೊಗೆ ಅದನ್ನು ವಾಪಸು ಕೊಟ್ಟರೆ, ಮುಂದಿನ ಪ್ರತಿ ಪರೀಕ್ಷೆಗೂ ಅವಳು ಹೊಗೆಯ ಕಡೆಗೇ ನೋಡುತ್ತಾಳೆ. ಡಿಗ್ರಿಗೆ ಹೋಗುವವಳು, ಹಾಸ್ಟೆಲ್ಲಿಗೆ ಶೆಗಡಿ ಒಯ್ಯುತ್ತಾಳೆಯೆ? ಅಪ್ಪನಿಗೆ ಬೇಡವೆಂದೆ.

"ಮತ್ತೇನ್ ಮಾಡ್ತಿ?"

"ಎದುರಿಗಿಟ್ಟು ಸುಡ್ತೇನಿ. ಅಕಿನೂ ಸೈನ್ಸ್ ಓದಾಕಿ ಅಲ್ಲೇನು?"

ಭಾನುವಾರ ಬೆಳಿಗ್ಗೆ, ಅಜ್ಜಿ ಗುಡಿಗೆ ಹೋದ ಹೊತ್ತಿನಲ್ಲಿ, ಹಿತ್ತಲಲ್ಲಿ ಶೆಗಡಿ ಹಚ್ಚಿದೆ. ಎರಡು ತಟ್ಟೆಯಲ್ಲಿ ಎರಡು ಬಗೆಯ ಮೆಣಸಿನಕಾಯಿ ಇಟ್ಟು ತಂಗಿಯನ್ನು ಕರೆದೆ. ವಿಷಯ ಹೇಳಿದೆ. ಅವಳು ಎರಡನ್ನೂ ಕೈಯಲ್ಲಿ ಹಿಡಿದು ನೋಡಿದಳು, ಮುರಿದು ಮೂಸಿದಳು.

"ಸುಡು" ಎಂದಳು.

ನಾನು ಮೊದಲು ನಮ್ಮೂರಿನದನ್ನು ಹಾಕಲು ಹೋದೆ.

"ಹಂಗಲ್ಲ. ನಿವಾಳಿಸಿ ಹಾಕಬೇಕು. ನನಗ ಒಮ್ಮೆ, ನೆದರ ಆಗಲಾರದ್ದಕ್ಕ ಒಮ್ಮೆ. ಇಲ್ಲಾಂದ್ರ ಹೋಲಿಸೂದು ಹೆಂಗ?"

ನಾನು ಅವಳ ಮುಖ ನೋಡಿದೆ. ಪ್ರಯೋಗದಲ್ಲಿ ನಾನು ಬಿಟ್ಟಿದ್ದ ಹಂತವನ್ನು ಅವಳು ಹಿಡಿದಿದ್ದಳು. "ನೆದರ ಆಗಲಾರದ್ದು ಯಾವುದೈತಿ ಈ ಮನ್ಯಾಗ?" ಎಂದೆ.

ಸುತ್ತ ನೋಡಿ, ಗೋಡೆಗೆ ಒರಗಿಸಿದ್ದ ಅಪ್ಪನ ಹಳೆಯ ಸ್ಕೂಟರನ್ನು ತೋರಿಸಿದಳು. "ಅದನ್ನ ಯಾರ ನೋಡ್ತಾರು?"

ಸ್ಕೂಟರಿಗೆ ನಿವಾಳಿಸಿ ನಮ್ಮೂರಿನ ಮೆಣಸಿನಕಾಯಿ ಹಾಕಿದೆ. ಉಬ್ಬಿತು, ಹೊಳೆಯಿತು, ಕರಕಲಾಯಿತು. ಸ್ವಲ್ಪ ಹೊಗೆ, ಅಷ್ಟೇ. ತಂಗಿಗೆ ನಿವಾಳಿಸಿ ಅದನ್ನೇ ಹಾಕಿದೆ. ಹಾಗೆಯೇ. ಆಮೇಲೆ ಗುಂಟೂರಿನದನ್ನು ಅವಳೇ ತನ್ನ ತಲೆಯ ಸುತ್ತ ಸುತ್ತಿಸಿ ಕೆಂಡಕ್ಕೆ ಎಸೆದಳು.

ಮೊದಲು ನನಗೆ ಗಂಟಲಲ್ಲಿ ಏನೋ ಕಚ್ಚಿದಂತಾಯಿತು. ತಂಗಿ ಸೆರಗಿನಂತೆ ದುಪಟ್ಟಾ ಬಾಯಿಗೆ ಒತ್ತಿಕೊಂಡು ಓಡಿದಳು. ಇಬ್ಬರೂ ನಲ್ಲಿಯ ಹತ್ತಿರ ಬಗ್ಗಿ ಕೆಮ್ಮುತ್ತಿದ್ದಾಗ ರಸ್ತೆಯ ಆಚೆಯಿಂದ ಕಾಕುವಿನ ದನಿ ಬಂತು.

"ಯಾರ ಮನೀದಪಾ ಇದು ಘಾಟ! ಮನಷ್ಯಾರ ಇರಬೇಕೋ ಬ್ಯಾಡೋ ಓಣ್ಯಾಗ?"

ಕಾಕು ಸೆರಗಿನಿಂದ ಮೂಗು ಮುಚ್ಚಿಕೊಂಡು ನಮ್ಮ ಹಿತ್ತಲಿಗೇ ಬಂದರು. ಅವರ ಹಿಂದೆಯೇ ಗುಡಿಯಿಂದ ಅಜ್ಜಿಯೂ ಬಂದಳು, ಕಣ್ಣಲ್ಲಿ ನೀರು. "ಯಾರಿಗಿ ತಗದ್ರಿ? ಯಾರಿಗೂ ನೆದರ ಇಲ್ಲಲಾ!" ಎಂದು ಹಿಗ್ಗಿದಳು.

ಮುಚ್ಚಿಡುವುದು ನನಗೆ ಬೇಕಿರಲಿಲ್ಲ. ಎರಡೂ ಮೆಣಸಿನಕಾಯಿಯನ್ನು ಅವಳ ಅಂಗೈಯಲ್ಲಿಟ್ಟು ಇದ್ದದ್ದು ಹೇಳಿದೆ. ಅಜ್ಜಿ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಒಂದನ್ನು ಮುರಿದು ನಾಲಗೆಗೆ ಹಚ್ಚಿದಳು, ಇನ್ನೊಂದನ್ನು ಮುರಿದು ಹಚ್ಚಿ ಥೂ ಎಂದಳು. ಏನೋ ಲೆಕ್ಕ ಹಾಕುವಂತೆ ಬೆರಳು ಮಡಚಿ ಹೇಳಿದಳು.

"ಹಂಗಾರ ಈ ಊರ ಮಂದಿ ಕಣ್ಣ ಛಲೋನs ಅದಾವ ಅನ್ನು."

"ಅದಾವ್ರಿ ಅಜ್ಜಿಯಾರ" ಎಂದರು ಕಾಕು. "ನಮ್ಮ ಮನಿ ಕಡೆ ನೋಡಿ ನೀವು ಲಟಕಿ ಮುರಿಯೂದನ್ನ ನಾ ದಿನಾ ನೋಡೇನಿ. ಬೈದದ್ದೂ ಕೇಳೇನಿ."

"ಏ, ನಿನ್ನ ಅಷ್ಟs ಬೈದಿಲ್ಲವಾ. ಓಣಿ ಮಂದೀನ್ನೆಲ್ಲಾ ಬೈದೇನಿ" ಎಂದಳು ಅಜ್ಜಿ, ಸಮಾಧಾನ ಮಾಡುವ ದನಿಯಲ್ಲಿ.

ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ನನ್ನ ಕೆಲಸ ಮುಗಿಯಿತೆಂದು ನಾನು ಶೆಗಡಿಗೆ ನೀರು ಹಾಕಿದೆ.

ಮುಗಿದಿರಲಿಲ್ಲ. ಆಮೇಲಿನ ಎರಡು ದಿನ ತಂಗಿ ಪುಸ್ತಕ ಮುಟ್ಟಲಿಲ್ಲ. ಬಟ್ಟೆ ಮಡಚುತ್ತಿದ್ದಾಗ ನನ್ನ ಕಡೆಗೆ ನೋಡದೆಯೇ ಕೇಳಿದಳು.

"ನನಗ ನೆದರ ಆಗಿದ್ದಿಲ್ಲ ಹಂಗಾರ."

"ಇಲ್ಲ."

"ಮತ್ತ ಕೈ ಯಾಕ ನಿಂತು?"

ಮಡಚಿದ್ದ ಅಂಗಿಯನ್ನೇ ಅವಳು ಬಿಚ್ಚಿ ಇನ್ನೊಮ್ಮೆ ಮಡಚಿದಳು.

"ನೆದರ ಐತಿ ಅಂದ್ರ ಯಾರದೋ ಕಣ್ಣ ಅನ್ನಬಹುದಿತ್ತು" ಎಂದಳು. "ಈಗ ನಂದs ಅನ್ನಬೇಕು."

ಅಜ್ಜಿಯ ಮೆಣಸಿನಕಾಯಿ ಅವಳನ್ನು ಹೆದರಿಸಿದ್ದು ನನಗೆ ಕಂಡಿತ್ತು. ಅದೇ ಮೆಣಸಿನಕಾಯಿ ಅವಳನ್ನು ಕಾಯುತ್ತಲೂ ಇತ್ತು ಎಂಬುದು ಆಗ ಕಂಡಿತು. ಸೋಲಿಗೆ ಹೊರಗಿನ ಒಂದು ಕಾರಣ ಇರುವವರೆಗೆ ಮನುಷ್ಯರು ಅದರ ನೆರಳಲ್ಲಿ ಕುಳಿತುಕೊಳ್ಳಬಹುದು. ನಾನು ಆ ನೆರಳನ್ನು ಕಿತ್ತುಹಾಕಿದ್ದೆ. ಮಾಡಿದ್ದು ಸರಿ ಎಂದೇ ಈಗಲೂ ಅನಿಸುತ್ತದೆ. ಆದರೆ ಅಷ್ಟಕ್ಕೇ ನಿಲ್ಲುವಂತಿರಲಿಲ್ಲ.

"ಕೈ ಯಾವಾಗ ನಿಲ್ತೈತಿ ಅಂತ ನೋಡೂಣು" ಎಂದೆ. "ಯಾಕ ಅಂತ ಆಮ್ಯಾಲೆ."

ನೋಡುವುದಕ್ಕೆ ಪರೀಕ್ಷೆಯೇ ಬೇಕು. ಹಳೆಯ ಪ್ರಶ್ನೆಪತ್ರಿಕೆ ಹುಡುಕಿ, ಪಡಸಾಲೆಯಲ್ಲಿ ಮೇಜು ಹಾಕಿ, ನಿಜವಾದ ಪರೀಕ್ಷೆಯ ಹೊತ್ತಿಗೇ ಅವಳನ್ನು ಕೂಡಿಸುವುದೆಂದು ನಿರ್ಧಾರವಾಯಿತು. ನಾನು ಎದುರು ಕುಳಿತರೆ ಅವಳು ನನ್ನ ಮುಖದಲ್ಲೇ ಉತ್ತರ ಹುಡುಕುತ್ತಿದ್ದಳು. ಅಜ್ಜಿ ತಾನು ಕುಳಿತುಕೊಳ್ಳುತ್ತೇನೆ ಎಂದಳು. ಸಂಜೆಯ ಕೆಲಸ ತಪ್ಪಿದ ಮೇಲೆ ಅವಳಿಗೂ ಕೈ ಖಾಲಿಯಾಗಿತ್ತು. ಅಪ್ಪನ ಕೈಗಡಿಯಾರ ಕಟ್ಟಿಕೊಂಡು, ಕನ್ನಡಕ ಹಾಕಿಕೊಂಡು, ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತಳು.

ಅಂಥ ಮೇಲ್ವಿಚಾರಕಿಯನ್ನು ಯಾವ ಕೇಂದ್ರದಲ್ಲೂ ಕಾಣೆ. ತಂಗಿ ನೀರು ಕುಡಿಯಲು ಎದ್ದರೆ "ಎಲ್ಲಿ ಹೋಗ್ತಿ? ಕುಂದ್ರು" ಎನ್ನುತ್ತಿದ್ದಳು. ಕಿಟಕಿಯ ಕಡೆ ನೋಡಿದರೆ "ಅಲ್ಲೇನೈತಿ? ಕಾಪಿ ಹೊಡೀತಿಯೇನು?" ಅವ್ವ ಚಹಾ ತಂದರೆ ಅವ್ವನನ್ನೂ ಒಳಗೆ ಬಿಡಲಿಲ್ಲ. ಹೊತ್ತು ಮುಗಿಯುತ್ತಲೇ ಬರೆಯುತ್ತಿದ್ದ ಹಾಳೆಯನ್ನೇ ಎಳೆದುಕೊಂಡಳು.

"ಅಜ್ಜಿ, ಒಂದ ಸಾಲ ಉಳದೈತಿ!"

"ನಿನ್ನ ಸಾಲಿಗೆ ಸರಕಾರ ಕಾಯ್ತೈತೇನು? ಕೊಡ ಇಲ್ಲಿ."

"ನಿನ್ನಕಿಂತಾ ಅಲ್ಲಿ ಮೇಡಮ್‌ನs ಎಷ್ಟೋ ವಾಸಿ" ಎಂದು ತಂಗಿ ಪೆನ್ನು ಬಿಸಾಕಿದಳು.

ನಾನು ಒಳಕೋಣೆಯಿಂದ ಕದ್ದು ನೋಡುತ್ತಿದ್ದೆ. ಮೊದಲ ಸಲ ಅವಳ ಕೈ ಒಂದು ಲೆಕ್ಕದ ಮುಂದೆ ನಿಂತಿತು. ಎಲೆಕ್ಟ್ರೋಕೆಮಿಸ್ಟ್ರಿಯ ಲೆಕ್ಕ. ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಅದನ್ನು ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಲೇ ಇಲ್ಲ. ಸ್ವಲ್ಪ ಹೊತ್ತಿಗೆ ಅಂಗೈಯನ್ನು ಮೊಣಕಾಲಿಗೆ ಉಜ್ಜಿಕೊಂಡಳು. ಅಲ್ಲಿಂದ ಮುಂದೆ ಬರುವುದೂ ಬರಲಿಲ್ಲ. ಎರಡನೆಯ ಪತ್ರಿಕೆಯಲ್ಲೂ ಹಾಗೆಯೇ ಆಯಿತು, ಲೆಕ್ಕ ಮಾತ್ರ ಬೇರೆ.

"ನೋಡಿದ್ಯಾ?" ಎಂದೆ. "ಹೆದರಿಕಿ ಮೊದಲ ಬರೂದಿಲ್ಲ. ನೀ ಮೊದಲ ನಿಲ್ತಿ. ನಿಂತ ಮ್ಯಾಲ ಅದು ಬರ್ತೈತಿ."

ಅವಳು ತನ್ನದೇ ಹಾಳೆಗಳನ್ನು ತಿರುವಿಹಾಕಿದಳು. ಗೀಚಿ ಕಪ್ಪಾಗಿದ್ದ ಜಾಗ ಎರಡರಲ್ಲೂ ಮೊದಲ ಪುಟಗಳಲ್ಲೇ ಇತ್ತು. "ಅರ್ಧಕ್ಕ ಬಿಟ್ಟು ಹೋಗಾಕ ಆಗೂದಿಲ್ಲಕ್ಕ ನನಗ. ಅಲ್ಲೇ ಮನಸ ಹಿಡಕೊಂಡ ನಿಲ್ತೈತಿ. ಮನ್ಯಾಗೂ ಹಂಗs. ಒಂದ ಅಂಗಿ ಕಲಿ ಹೋಗಲಿಲ್ಲಾಂದ್ರ ಬಾಕಿ ಅರಬಿ ನೆನಿಯಾಕ ಇಟ್ಟು ಅದನ್ನs ಉಜ್ಜತೇನಿ."

ಅದು ನಿಜವಾಗಿತ್ತು. ಗಣಿತದಲ್ಲಿ ಅವಳಿಗೆ ಒಳ್ಳೆಯ ಅಂಕ ತಂದ ಹಟವೂ ಅದೇ. ಅವಳಲ್ಲಿ ಯಾವ ಕೊರತೆಯೂ ಇರಲಿಲ್ಲ. ಒಂದು ಗುಣ ತಪ್ಪು ಜಾಗದಲ್ಲಿ ಕೆಲಸ ಮಾಡುತ್ತಿತ್ತು. ಇದನ್ನು ಹೇಳಿದಾಗ ಅವಳು ಮೊದಲ ಸಲ ನೇರವಾಗಿ ನನ್ನ ಕಣ್ಣು ನೋಡಿದಳು.

ಉಪಾಯವನ್ನು ಅವಳೇ ಹುಡುಕಿಕೊಂಡಳು. ಪತ್ರಿಕೆಯನ್ನು ಹಿಂದಿನಿಂದ ಶುರು ಮಾಡುವುದು. ಸಾವಯವ ರಸಾಯನಶಾಸ್ತ್ರದ ದೊಡ್ಡ ಪ್ರಶ್ನೆಗಳು ಮೊದಲು, ಲೆಕ್ಕಗಳು ಕೊನೆಗೆ. ಲೆಕ್ಕದಲ್ಲಿ ಕೈ ನಿಂತರೆ ಪೆನ್ನನ್ನು ಮೇಜಿನ ಮೇಲೆ ಇಟ್ಟು, ಒಂದು ಪುಟ ಖಾಲಿ ಬಿಟ್ಟು, ಮುಂದೆ ಹೋಗುವುದು. ಖಾಲಿ ಪುಟ ಬಿಡುವುದು ಅವಳಿಗೆ ಲೆಕ್ಕಕ್ಕಿಂತ ಕಷ್ಟವಾಯಿತು. ಮೊದಮೊದಲು ಕಣ್ಣಲ್ಲಿ ನೀರು ತುಂಬಿಕೊಂಡು ಪುಟ ತಿರುಗಿಸುತ್ತಿದ್ದಳು. ಮೇ ಮುಗಿಯುವ ಹೊತ್ತಿಗೆ, ಅಜ್ಜಿ ಹಾಳೆ ಎಳೆದುಕೊಳ್ಳುವ ಮುಂಚೆಯೇ ಅವಳು ಬರೆದು ಮುಗಿಸಿ ಗಡಿಯಾರ ನೋಡುತ್ತ ಕೂರುವಂತಾದಳು.

ಜೂನ್ ಬಂತು. ಪರೀಕ್ಷೆಯ ಹಿಂದಿನ ಸಂಜೆ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

"ತಗೀಲೇನು, ಬ್ಯಾಡೇನು?" ಎಂದು ತಂಗಿಯನ್ನು ಕೇಳಿದಳು. ಅಜ್ಜಿ ಯಾರನ್ನಾದರೂ ಕೇಳಿ ದೃಷ್ಟಿ ತೆಗೆದದ್ದನ್ನು ನಾನು ನೋಡಿರಲಿಲ್ಲ.

ತಂಗಿ ಯೋಚಿಸಿದಳು. "ತಗೀ. ನೀ ತಗದ್ರ ನನಗ ನಿದ್ದಿ ಛಲೋ ಬರ್ತೈತಿ. ಆದ್ರ ಸುಡಬ್ಯಾಡ. ಬರೇ ಉಪ್ಪ ತಗೀ, ತಗದು ನೀರಾಗ ಹಾಕು."

ಅಜ್ಜಿ ಹರಳುಪ್ಪು ಹಿಡಿದು, ಏನೋ ಮಣಮಣ ಎನ್ನುತ್ತ, ಅವಳ ನೆತ್ತಿಯಿಂದ ಪಾದದವರೆಗೆ ಕೈ ಇಳಿಸಿದಳು. ತಂಗಿ ಕಣ್ಣು ಮುಚ್ಚಿ ನಿಂತಿದ್ದಳು. ಉಪ್ಪು ನೀರಿಗೆ ಬಿತ್ತು, ಕರಗಿತು. ಯಾರೂ ಬಗ್ಗಿ ನೋಡಲಿಲ್ಲ.

ಬೆಳಿಗ್ಗೆ ನಾನೂ ರಾಣೆಬೆನ್ನೂರಿನವರೆಗೆ ಬರುತ್ತೇನೆಂದು ಚಪ್ಪಲಿ ಮೆಟ್ಟಿದೆ. "ಬರಬ್ಯಾಡಕ್ಕ" ಎಂದಳು. "ನೀ ಗೇಟಿನ ಹೊರಗ ನಿಂತೀದಿ ಅಂತ ನೆನಪಾದ್ರ ನನ್ನ ಕೈ ನಿಲ್ತೈತಿ." ಅಪ್ಪ ಬಸ್ ನಿಲ್ದಾಣದವರೆಗೆ ಸ್ಕೂಟರಿನಲ್ಲಿ ಬಿಟ್ಟು ಬಂದರು. ನಾನು ಹಾವೇರಿಗೆ ಹೋದೆ. ಬೋಧನಾ ಅಭ್ಯಾಸಕ್ಕೆಂದು ನನಗೆ ಒಂದು ಪ್ರೌಢಶಾಲೆ ಕೊಟ್ಟಿದ್ದರು. ಅಲ್ಲಿ ಎಂಟನೆಯ ತರಗತಿಗೆ ಆ ದಿನ ಏನು ಕಲಿಸಿದೆನೋ ನೆನಪಿಲ್ಲ. ಅವಳ ಬಸ್ಸು ಮೋಟೆಬೆನ್ನೂರು ದಾಟಿರಬಹುದೇ ಎಂದು ಮಾತ್ರ ಬೆಳಗಿನಲ್ಲಿ ಮತ್ತೆ ಮತ್ತೆ ಅನಿಸಿತು. ಫೋನ್ ಮಾಡಲಿಲ್ಲ.

ಸಂಜೆ ಮನೆಗೆ ಬಂದಾಗ ಅವಳು ಕಟ್ಟೆಯ ಮೇಲೆ ಕಾಕುವಿನ ಪಕ್ಕದಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು.

"ಬಂದಳ ನೋಡ ನಿಮ್ಮಕ್ಕ. ಮುಖ ನೋಡ, ತಾನs ಪರೀಕ್ಷಾ ಬರದ ಬಂದಂಗ ಐತಿ" ಎಂದರು ಕಾಕು.

ನಾನು ತಂಗಿಯ ಮುಂದೆ ನಿಂತೆ.

"ಒಂದ ಕಡೆ ನಿಂತು" ಎಂದಳು ಅವಳು, ಕಾಯಿ ಒಡೆಯುತ್ತ. "ಪೆನ್ನ ಕೆಳಗಿಟ್ಟೆ. ಪಕ್ಕದಾಕಿ ನನ್ನ ನೋಡಿದ್ಲು, ಮುಗೀತು ಅಂತ ತಿಳದಳೋ ಏನೋ. ಪುಟ ಬಿಟ್ಟು ಮುಂದ ಹೋದೆ. ಕಡೀಕ ಅದಕ್ಕ ತಿರುಗಿ ಬಂದೆ."

"ಬಂತೇನು?"

"ಅರ್ಧಾ ಬಂತು. ಅರ್ಧಕ್ಕs ಬಿಟ್ಟೆ." ಆಮೇಲೆ, ಮುಖ್ಯವಾದದ್ದು ಅದೇ ಎಂಬಂತೆ, ತಲೆ ಎತ್ತಿದಳು. "ಬಿಟ್ಟು ಬಂದೇನಕ್ಕ. ಏನೂ ಆಗಲಿಲ್ಲ. ಬಾಕಿ ಎಲ್ಲಾ ಬರದೇನಿ."

ಎಷ್ಟು ಅಂಕ ಬರಬಹುದೆಂದು ನಾನು ಕೇಳಲಿಲ್ಲ. ಅವಳು ಪಾಸಾಗುತ್ತಾಳೆಂದು ನನಗೆ ಗೊತ್ತಿತ್ತು. ಒಂದು ಹಿಡಿ ಶೇಂಗಾ ಕೈಗೆ ಹಾಕಿದಳು, ತಿನ್ನುತ್ತ ಒಳಗೆ ಹೋದೆ.

ಮರುದಿನ ಬೆಳಿಗ್ಗೆ ನಾನು ಅವಳನ್ನು ಎಬ್ಬಿಸಲಿಲ್ಲ. ಅವಳು ಗೋಡೆಯ ಕಡೆಗೆ ಮುಖ ಮಾಡಿ, ಬಾಯಿ ಸ್ವಲ್ಪ ತೆರೆದು ಮಲಗಿದ್ದಳು. ಹೊರಗೆ ಸಣ್ಣ ಮಳೆ ಹಿಡಿದಿತ್ತು. ಚಹಾ ಮಾಡಿಕೊಂಡು ಕುಡಿದೆ, ಕೊಡೆ ತೆಗೆದುಕೊಂಡು ನಿಲ್ದಾಣಕ್ಕೆ ನಡೆದೆ. ಪ್ಯಾಸೆಂಜರ್ ರೈಲಿನಲ್ಲಿ ಜಾಗ ಸಿಕ್ಕಿತು. ಎಷ್ಟೋ ದಿನಗಳಿಂದ ನನ್ನ ಪಾಠಯೋಜನೆಗಳನ್ನು ಸಹಪಾಠಿಯ ಯೋಜನೆ ನೋಡಿಯೇ ಬರೆಯುತ್ತಿದ್ದೆ. ಅವತ್ತು ಬ್ಯಾಗು ತೊಡೆಯ ಮೇಲಿಟ್ಟು, ಎಂಟನೆಯ ತರಗತಿಯ ಪಾಠವನ್ನು ನಾನೇ ಯೋಚಿಸಿ ಬರೆಯತೊಡಗಿದೆ. ಒಂದು ಉದಾಹರಣೆ ಹೊಳೆಯಲಿಲ್ಲ. ಅಷ್ಟು ಜಾಗ ಬಿಟ್ಟು ಮುಂದುವರಿಸಿ, ಹಾವೇರಿ ಬರುವುದರೊಳಗೆ ಮುಗಿಸಿದೆ.